ಟಗರಿಗೂ ನನಗೂ ಒಂದೇ ಬಾಟ್ಲಿ

ನಮ್ಮ ಮನೆತನದಲ್ಲಿ ಆ ವರ್ಷ ಇಬ್ಬರಿಗೆ ಕಣ್ಣಿನ ತ್ರಾಸು ಬಂತು. ಒಬ್ಬ ನಾನು, ಇನ್ನೊಂದು ಟಗರು. ಟಗರಿಗೆ ಗುಣವಾಯಿತು. ನನಗೇನಾಯಿತು ಎಂಬುದನ್ನು ಬರೆಯಲು ಕುಂತಿದ್ದೇನೆ.

ಮೊದಲು ಟಗರಿನ ಮಾತು ಹೇಳಿಬಿಡುತ್ತೇನೆ, ಯಾಕಂದರೆ ಊರಲ್ಲಿ ಜನ ಮೊದಲು ಕೇಳುತ್ತಿದ್ದದ್ದು ಅದನ್ನೇ. ಚಪಳಗಾಂವದಲ್ಲಿ ನನ್ನ ತಮ್ಮ ಕುರಿ ಸಾಕುತ್ತಾನೆ. ಅವನ ಹಿಂಡಿನಲ್ಲಿ ಬೀರೋಬಾನ ಹೆಸರಿಗೆ ಬಿಟ್ಟ ಒಂದು ಟಗರಿದೆ. ದೇವರಿಗೆ ಬಿಟ್ಟದ್ದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ, ಬೈಯುವುದಿದ್ದರೂ ಸಣ್ಣ ದನಿಯಲ್ಲಿ ಬೈಯಬೇಕು. ಇದೆಲ್ಲ ಅದಕ್ಕೂ ಗೊತ್ತು. ಮನೆಯೊಳಗೆ ಬಂದು ಜೋಳದ ಚೀಲಕ್ಕೆ ಬಾಯಿ ಹಾಕಿ, ಈಗ ಏನು ಮಾಡುತ್ತೀರಿ ಎಂಬಂತೆ ನಮ್ಮ ಕಡೆ ನೋಡುತ್ತ ನಿಲ್ಲುತ್ತದೆ.

ನಾನು ಕುರಿ ವ್ಯಾಪಾರಿ. ನಾಲ್ಕನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟು ಅಪ್ಪನ ಹಿಂದೆ ಹಿಂಡಿನೊಂದಿಗೆ ಹೊರಟವನು. ಭಂಡಾರಕವಠೆಯ ಕಡೆ ಹೊಲಹೊಲಗಳಲ್ಲಿ ಕುರಿ ಮಲಗಿಸಿ, ಮಳೆಗೆ ಕಂಬಳಿ ಹೊದ್ದು, ಆಮೇಲೆ ವ್ಯಾಪಾರ ಕಲಿತು, ಸೋಲಾಪುರದ ವಿಜಾಪುರ ರಸ್ತೆಯ ಹಿಂದಿನ ಓಣಿಯಲ್ಲಿ ಸ್ವಂತ ಮನೆ ಕಟ್ಟಿಸಿದೆ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ನನ್ನ ವಿದ್ಯೆ ಎಲ್ಲ ಕಣ್ಣಲ್ಲಿತ್ತು. ಅಕ್ಕಲಕೋಟ ಸಂತೆಗೆ ಮಾರುವವರು ಕುರಿಗೆ ಉಪ್ಪು ತಿನ್ನಿಸಿ, ಹೊಟ್ಟೆ ತುಂಬ ನೀರು ಕುಡಿಸಿ ದುಂಡಗೆ ಮಾಡಿ ತರುತ್ತಾರೆ. ಬೇರೆ ವ್ಯಾಪಾರಿಗಳು ಬೆನ್ನ ಮೇಲೆ ಕೈಯೊತ್ತಿ ನೋಡಿದ ಮೇಲೆ ಹೇಳುವುದನ್ನು ನಾನು ಚಹಾದಂಗಡಿಯಲ್ಲಿ ಕುಂತೇ ಹೇಳುತ್ತಿದ್ದೆ: ಇದು ಮಾಂಸ, ಇದು ಮರಿ, ಇದು ಬರೀ ನೀರು.

ಅಂಥ ಕಣ್ಣು ಕೈಕೊಡುತ್ತದೆ ಅಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ. ಎಡಗಡೆಯಿಂದ ಜನ ಮೈಮೇಲೆ ಬಂದು ಬೀಳಲು ಶುರು ಮಾಡಿದಾಗ ಸೋಲಾಪುರದ ಜನರಿಗೆ ರೀತಿ ರಿವಾಜು ಉಳಿದಿಲ್ಲ ಎಂದುಕೊಂಡೆ. ನಿಂತ ಟೆಂಪೋದ ತೆರೆದ ಬಾಗಿಲಿಗೆ ಹಣೆ ಬಡಿದುಕೊಂಡು ಡ್ರೈವರನಿಗೆ ಬೈದೆ. ಒಂದು ಸಲ ಲೈಟಿನ ಕಂಬಕ್ಕೂ ಬೈದೆ. ಆಗ ನನ್ನ ಹೆಂಡತಿ, ಕಂಬ ನಾವು ಇಲ್ಲಿಗೆ ಬರೋಕಿಂತ ಮೊದಲಿಂದ ಅಲ್ಲೇ ಐತಿ ಅಂದವಳೇ ಹಟ ಮಾಡಿ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿಯ ಡಾಕ್ಟರಬಾಯಿ ನನ್ನ ಮಗಳ ವಯಸ್ಸಿನವರು. ಮನೆಮಾತು ಕನ್ನಡ, ಕಲಿತದ್ದು ಮರಾಠಿ ಸಾಲಿ, ಬರೆಯುವುದು ಇಂಗ್ಲಿಷ್. ಸಿಟ್ಟು ಬಂದಾಗ ಮೂರೂ ಕೂಡಿ ಬರುತ್ತಿದ್ದವು. ಕಾಚಬಿಂದು, ಇಂಗ್ಲಿಷಿನಲ್ಲಿ ಗ್ಲಾಕೋಮಾ ಎಂದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ನನಗೆ ಗೊತ್ತಿತ್ತು. ತೆಗೆದುಬಿಟ್ಟರೆ ಮುಗಿಯಿತು, ಮರುದಿನ ಕರಿಕನ್ನಡಕ ಹಾಕಿಕೊಂಡು ಜಂಬದಿಂದ ಓಡಾಡಬಹುದು. ಇದೂ ಅದರ ತಮ್ಮನೋ ಅಣ್ಣನೋ ಇರಬೇಕು ಎಂದುಕೊಂಡೆ. ಅಲ್ಲವಂತೆ. ಇದರಲ್ಲಿ ಹೋದ ದೃಷ್ಟಿ ಹೋದಂತೆಯೇ, ಹೊಳ್ಳಿ ಬರುವುದಿಲ್ಲ. ಎಡಗಣ್ಣು ಅರ್ಧ ಹೋಗಿತ್ತು. ಬಲಗಣ್ಣು ಇನ್ನೂ ಇತ್ತು. ಅದನ್ನು ಉಳಿಸಿಕೊಳ್ಳಬೇಕು, ಅಷ್ಟೇ ನಮ್ಮ ಮುಂದಿದ್ದ ಕೆಲಸ. ದಿನಾ ಸಂಜೆ ಒಂದೊಂದು ಹನಿ. ನಾನು ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸುವ ಜಾತಿಯವನಲ್ಲ ನಾನು.

ಕೆಲವು ತಿಂಗಳು ಕಳೆದವು. ಡಾಕ್ಟರಬಾಯಿ ಕಣ್ಣಿನೊಳಗಿನ ಒತ್ತಡ ಬರೋಬ್ಬರಿ ಇಳಿದಿದೆ ಎಂದು ಹೇಳಿ, ನಾನು ಮೀಸೆ ತಿರುವಿಕೊಳ್ಳುವುದರೊಳಗೆ, ಆದರೂ ಎಡಗಣ್ಣಿನ ನರ ಇನ್ನೂ ಸವೆಯುತ್ತಲೇ ಇದೆ ಎಂದರು. ನನಗೆ ಸಿಟ್ಟು ಬಂತು. ಹೇಳಿದ ಕೆಲಸ ಮಾಡಿದ ಮೇಲೂ ಕೂಲಿ ಇಲ್ಲ ಅಂದರೆ ಹೇಗೆ?

ಅವರು ಒಂದು ಕಾಗದದ ಹಿಂದೆ ಚಿತ್ರ ಬರೆದರು. ಕಣ್ಣಿನಲ್ಲಿ ನೀರು ಹುಟ್ಟುತ್ತದೆ, ಸಣ್ಣ ಮೋರಿಯಿಂದ ಹೊರಗೆ ಹೋಗುತ್ತದೆ. ಮೋರಿ ಕಟ್ಟಿದರೆ ಒತ್ತಡ ಏರುತ್ತದೆ, ಹಿಂದುಗಡೆ ಮೆದುಳಿಗೆ ಹೋಗುವ ನರದ ಎಳೆಗಳು ನಲುಗುತ್ತವೆ. ಇಷ್ಟು ನನಗೆ ಮೊದಲೇ ಹೇಳಿದ್ದರು. ಹೊಸದಾಗಿ ಹೇಳಿದ್ದು ಬೇರೆ. ಆ ಎಳೆಗಳ ಸುತ್ತ ಅವನ್ನು ಕಾಯುವ, ಸತ್ತದ್ದನ್ನು ಬಳಿದು ಹಾಕುವ ಜೀವಕಣಗಳಿರುತ್ತವಂತೆ. ಎಳೆಗೆ ಪೆಟ್ಟು ಬಿದ್ದಾಗ ಅವು ಎದ್ದು ಕೆಲಸಕ್ಕೆ ಬರುತ್ತವೆ. ಒಳ್ಳೆಯದೇ. ಆದರೆ ಎದ್ದವು ಒಮ್ಮೊಮ್ಮೆ ತಿರುಗಿ ಕೂಡುವುದಿಲ್ಲ. ತಮ್ಮ ಸಿಟ್ಟಿನಲ್ಲಿ ಏನೇನೋ ಕಾರಿಕೊಂಡು ಗಟ್ಟಿಯಾಗಿರುವ ಎಳೆಗಳನ್ನೂ ಸುಟ್ಟುಬಿಡುತ್ತವೆ. ಇದಕ್ಕೆ ಉರಿಯೂತ ಎನ್ನುತ್ತಾರೆ, ಮರಾಠಿಯಲ್ಲಿ ದಾಹ. ಒತ್ತಡ ಇಳಿದ ಮೇಲೂ ಕೆಲವರ ನರ ಸವೆಯುವುದಕ್ಕೆ ಇದೂ ಒಂದು ಕಾರಣ ಇರಬಹುದೆಂದು ಶೋಧ ನಡೆದಿದೆಯಂತೆ.

ನಾನು ದಿನಾ ಕನ್ನಡಿ ನೋಡುತ್ತೇನೆ, ಬಾವು ಎಲ್ಲೂ ಇಲ್ಲ ಎಂದೆ. ಅದು ಕನ್ನಡಿಗೆ ಕಾಣುವಂಥದ್ದಲ್ಲ ಎಂದರು. ಹಾಗಾದರೆ ಔಷಧ ಕೊಡಿರಿ ಎಂದೆ.

"ಅದಕ್ಕಂತನ ಔಷಧ ಇನ್ನೂ ಬಂದಿಲ್ಲ ಕಾಕಾ. ಹುಡುಕಾಕತ್ತಾರ. ಅಲ್ಲಿತನಕ ಒತ್ತಡ ಇನ್ನೂ ಕೆಳಗ ಇಡೋದು, ಹನಿ ತಪ್ಪಸದಂಗ ಹಾಕೋದು. ನಮ್ಮ ಕೈಯಾಗಿರೋದು ಇಷ್ಟ."

ಅವರ ಕೈಯಲ್ಲಿ ಇಲ್ಲ ಅಂದಮಾತ್ರಕ್ಕೆ ಜಗತ್ತಿನಲ್ಲೇ ಇಲ್ಲ ಅಂದಂತೆ ಆಗುತ್ತದೇನು ಎಂದು ಯೋಚಿಸುತ್ತ ನಾನು ಮೆಟ್ಟಿಲಿಳಿದೆ.

ಮುಂದಿನ ಸಲ ಹೆಂಡತಿಯೊಂದಿಗೆ ಚಪಳಗಾಂವಕ್ಕೆ ಹೋದಾಗ ತಮ್ಮನ ಮುಂದೆ ಇದನ್ನೆಲ್ಲ ಹೇಳಿದೆ. ಅವನು ಕುರಿಯ ಕಾಲಿನ ಗೊರಸು ಕೆತ್ತುತ್ತ ಕೇಳಿಸಿಕೊಂಡು, ಮುಗಿದ ಮೇಲೆ, "ಅಂದ್ರ ನಾಯಿ ಕೆಟ್ಟಾವ ಅನ್ನು," ಎಂದ.

ನಮ್ಮ ಕಡೆ ತೋಳ ಈಗಲೂ ಇವೆ. ಹಿಂಡಿನ ಸುತ್ತ ನಾಯಿ ಇಲ್ಲದೆ ನಡೆಯುವುದಿಲ್ಲ. ಒಮ್ಮೊಮ್ಮೆ ತೋಳ ಬಂದು ಹೋದ ಮೇಲೆ ಯಾವುದೋ ನಾಯಿಯ ತಲೆ ತಿರುಗುತ್ತದೆ. ತೋಳ ಹೋದದ್ದು ಅದಕ್ಕೆ ತಿಳಿಯುವುದಿಲ್ಲ. ಗದ್ದಲದಲ್ಲಿ ನಮ್ಮ ಮರಿಗೇ ಬಾಯಿ ಹಾಕುತ್ತದೆ, ಬಾಯಿಗೆ ರುಚಿ ಹತ್ತಿದರೆ ಮುಗಿಯಿತು. ಅಂಥ ನಾಯಿಯ ಕೊರಳಿಗೆ ಕಟ್ಟಿಗೆಯ ಕೊರಡು ಕಟ್ಟುತ್ತೇವೆ. ಓಡಲು ಹೋದರೆ ಮೊಣಕಾಲಿಗೆ ಬಡಿಯುತ್ತದೆ. ನನ್ನ ಕಣ್ಣಿನೊಳಗಿನ ನಾಯಿಗಳಿಗೂ ಕೊರಡು ಕಟ್ಟಬೇಕು ಎಂಬುದು ತಮ್ಮನ ತೀರ್ಮಾನ. ಅವು ಎಷ್ಟು ದೊಡ್ಡವು ಎಂದು ಕೇಳಿದ. ಮಶೀನಿಲ್ಲದೆ ಕಾಣುವುದಿಲ್ಲವಂತೆ ಎಂದೆ.

"ಕಾಣದ ನಾಯಿ, ಕಾಣದ ಬಾವು. ಆ ಡಾಕ್ಟರಬಾಯಿಗೆ ಏನರ ಕಾಣತೈತೋ ಇಲ್ಲೋ?"

ಅಷ್ಟರಲ್ಲಿ ಟಗರು ಬಂತು. ಅದರ ಒಂದು ಕಣ್ಣು ಹಿಂದಿನ ವಾರ ಕೆಂಪಗೆ ಬಾತು, ನೀರು ಸುರಿದು, ರೆಪ್ಪೆ ಅಂಟಿಕೊಂಡಿತ್ತು ಎಂದು ಫೋನಿನಲ್ಲಿ ಹೇಳಿದ್ದ. ಈಗ ನೋಡಿದರೆ ಕಣ್ಣು ಹಾಲಿನಲ್ಲಿ ತೊಳೆದಂತಿತ್ತು. ದನದ ಡಾಕ್ಟರ್ ಒಂದು ಹನಿ ಕೊಟ್ಟಿದ್ದರಂತೆ. ಬಾವು ಇಳಿಸುವ ಹನಿ.

ನಾನು ತಮ್ಮನ ಮುಖ ನೋಡಿದೆ. ತಮ್ಮ ನನ್ನ ಮುಖ ನೋಡಿದ. ಸಾಲಿ ಕಲಿತವರಿಗೆ ಇಷ್ಟು ಚುರುಕಾಗಿ ಹೊಳೆಯುತ್ತಿರಲಿಲ್ಲ ಎಂದು ಆಗ ನನಗೆ ಅಭಿಮಾನವೂ ಆಯಿತು. ಅವರೇ ಹೇಳಿದ್ದಾರೆ, ಒಳಗೆ ಬಾವಿದೆ ಎಂದು. ಇಲ್ಲಿ ಬಾವು ಇಳಿಸುವ ಔಷಧ ಇದೆ. ನಡುವೆ ಇರುವುದು ಬರೀ ಬಾಟ್ಲಿಯ ಬೂಚು. ಟಗರಿನ ಔಷಧ ಮನುಷ್ಯನಿಗೆ ನಡೆದೀತೇ ಎಂದು ನಾನು ಒಂದು ಮಾತು ಕೇಳಿದ್ದು ನಿಜ. ತಮ್ಮ ಅದಕ್ಕೆ ಉತ್ತರ ಇಟ್ಟುಕೊಂಡೇ ಇದ್ದ.

"ಬ್ಯಾರೆ ಟಗರಾದ್ರ ವಿಚಾರ ಮಾಡಬೇಕಿತ್ತು ಅಣ್ಣಾ. ಇದು ಬೀರೋಬಾಂದು. ಇದಕ್ಕ ಹಾಕಿದ ಔಷಧ ಅಂದ್ರ ಅರ್ಧ ಪ್ರಸಾದ."

ಈ ಮಾತನ್ನು ನಮ್ಮ ಕಡೆಯ ಯಾರೂ ತಳ್ಳಿಹಾಕುವುದಿಲ್ಲ. ಹೀಗಾಗಿ ಅಂಗಳದಲ್ಲಿ ಇಬ್ಬರಿಗೂ ಉಪಚಾರವಾಯಿತು. ಹಿರಿತನದ ಪ್ರಕಾರ ಮೊದಲು ಟಗರು. ತಮ್ಮ ಕೋಡು ಹಿಡಿದ, ಅವನ ಹೆಂಡತಿ ಹನಿ ಹಾಕಿದಳು. ಟಗರು ಕಣ್ಣು ಮಿಟುಕಿಸಿ ಸುಮ್ಮನಾಯಿತು. ಆಮೇಲೆ ನಾನು ಹೊರಸಿನ ಮೇಲೆ ಅಂಗಾತ ಮಲಗಿದೆ, ತಮ್ಮ ನನ್ನ ತಲೆ ಹಿಡಿದ. ಹನಿ ಚುರ್ ಅಂದಾಗ ಕಾಲು ಝಾಡಿಸಿದೆ. ತಮ್ಮನ ಹೆಂಡತಿ ನನ್ನ ಜೊತೆ ನೇರ ಮಾತಾಡುವುದಿಲ್ಲ, ಸೆರಗಿನ ಮರೆಯಿಂದ ನನ್ನ ಹೆಂಡತಿಗೆ ಹೇಳುತ್ತಾಳೆ, ಆದರೆ ನನಗೆ ಕೇಳುವಷ್ಟು ಗಟ್ಟಿಯಾಗಿ. "ಯಕ್ಕಾ, ಭಾವಾರಕಿಂತ ಟಗರ ಶಾಣ್ಯಾ ಐತಿ ನೋಡು. ಒದ್ಯಾಡಂಗಿಲ್ಲ."

ಬಾಟ್ಲಿಯನ್ನು ಸೋಲಾಪುರಕ್ಕೆ ತಂದೆ. ಬೆಳಿಗ್ಗೆ ಟಗರಿನದು, ಮಧ್ಯಾಹ್ನ ಟಗರಿನದು, ಸಂಜೆ ಡಾಕ್ಟರಬಾಯಿಯದು, ಅದರ ಮೇಲೆ ಮತ್ತೆ ಟಗರಿನದು. ಹೆಂಡತಿಗೆ ಇದು ಸೇರಿರಲಿಲ್ಲ. ಅವಳು ಬೇಡ ಅನ್ನಲಿಲ್ಲ, ಬರೀ ಬಾಟ್ಲಿಯನ್ನು ಉಪ್ಪಿನಕಾಯಿಯ ಗಡಿಗೆಯ ಹಿಂದೆ, ಮೆಣಸಿನಕಾಯಿಯ ಡಬ್ಬಿಯಲ್ಲಿ, ದೇವರ ಜಗಲಿಯ ಕೆಳಗೆ ಇಡುತ್ತ ಹೋದಳು. ನಾನು ಹುಡುಕಿ ತೆಗೆಯುತ್ತಿದ್ದೆ. ಇಷ್ಟು ಸಿಗುತ್ತದೆ ಅಂದರೆ ನನ್ನ ಕಣ್ಣು ಸುಧಾರಿಸಿದೆ ಎಂದು ಅವಳಿಗೇ ಹೇಳುತ್ತಿದ್ದೆ.

ನಿಜ ಹೇಳಬೇಕೆಂದರೆ ಸುಧಾರಿಸಿದಂತೆಯೇ ಕಾಣುತ್ತಿತ್ತು. ಡಾಕ್ಟರಬಾಯಿಯ ಹನಿಯಿಂದ ನನ್ನ ಕಣ್ಣು ಸದಾ ಕುಡುಕನ ಹಾಗೆ ಕೆಂಪಗಿರುತ್ತಿತ್ತು. ಈಗ ಬೆಳ್ಳಗಾಯಿತು. ಅಕ್ಕಲಕೋಟ ಸಂತೆಯಲ್ಲಿ ವ್ಯಾಪಾರಿಗಳು ಏನು ಸಾವಕಾರ, ಕಣ್ಣು ಮದುಮಗನ ಹಾಗೆ ಹೊಳೆಯುತ್ತಿದೆ ಅಂದರು. ನಾನು ಗುಟ್ಟು ಬಿಟ್ಟುಕೊಡಲಿಲ್ಲ. ಚಪಳಗಾಂವದಲ್ಲಿ ಮಾತ್ರ ಗುಟ್ಟು ಉಳಿಯಲಿಲ್ಲ. ಅಣ್ಣನಿಗೂ ಟಗರಿಗೂ ಕೂಡಿಯೇ ಗುಣವಾಯಿತು ಎಂದು ತಮ್ಮ ಬೀರೋಬಾನ ಗುಡಿಗೆ ಕರೆದುಕೊಂಡು ಹೋಗಿ ಇಬ್ಬರ ಹಣೆಗೂ ಭಂಡಾರ ಬಳಿದ. ಭಂಡಾರ ಅಂದರೆ ನಮ್ಮ ದೇವರ ಅರಿಷಿಣ ಪುಡಿ. ಭಕ್ತಿ ಹೆಚ್ಚಾದಷ್ಟು ಹಿಡಿ ದೊಡ್ಡದಾಗುತ್ತದೆ. ತಮ್ಮನ ಭಕ್ತಿ ಆ ದಿನ ಭಾರಿ ಇತ್ತು. ಅರ್ಧ ನನ್ನ ರೆಪ್ಪೆಯ ಮೇಲೆ ಕುಂತಿತು.

ಮರುದಿನವೇ ದವಾಖಾನೆಯ ಪಾಳಿ ಇತ್ತು. ಡಾಕ್ಟರಬಾಯಿ ಟಾರ್ಚು ಹಿಡಿದು ಗಾಬರಿಯಾಗಿ, ರೆಪ್ಪೆಯೆಲ್ಲ ಹಳದಿ, ಕಾಮಣಿ ಆಗಿದೆಯೇನು ಎಂದರು. ಹತ್ತಿಯಿಂದ ಒರೆಸಿ ಮೂಸಿ ನೋಡಿ ಸಮಾಧಾನಪಟ್ಟುಕೊಂಡರು. ಆಮೇಲೆ ಒತ್ತಡ ನೋಡಿದರು, ಮತ್ತೆ ನೋಡಿದರು, ಮಶೀನು ಬದಲಿಸಿ ನೋಡಿದರು. ಇಳಿದು ನಿಂತಿದ್ದ ಒತ್ತಡ ಮೊದಲ ದಿನಕ್ಕಿಂತ ಮೇಲೆ ಹೋಗಿತ್ತು. ಎರಡೂ ಕಣ್ಣಿನಲ್ಲಿ. ಹನಿ ತಪ್ಪಿಸುತ್ತಿದ್ದೀರಾ ಎಂದು ಕೇಳಿದರು. ನನಗೆ ಅಪಮಾನವಾಯಿತು. ನಾನು ಹೇಳಿದ್ದಕ್ಕಿಂತ ಹೆಚ್ಚು ಹನಿ ಹಾಕಿಕೊಳ್ಳುವವನು, ತಪ್ಪಿಸುವುದೆಲ್ಲಿ ಬಂತು? ಅವರು ಇನ್ನೊಂದು ಹನಿ ಜೋಡಿಸಿ ಬರೆದುಕೊಟ್ಟರು.

ಆ ದಿನಗಳಲ್ಲೇ ಬಾಟ್ಲಿ ಮುಗಿಯಿತು. ತಮ್ಮ ಇನ್ನೊಂದಕ್ಕೆಂದು ದನದ ಡಾಕ್ಟರ್ ಹತ್ತಿರ ಹೋದ. ಅವರಿಗೆ ಟಗರಿನ ಕಾಳಜಿ ಹತ್ತಿ, ಇನ್ನೂ ಗುಣವಾಗಿಲ್ಲವೇ ಎಂದು ಸೈಕಲ್ ಮೋಟಾರಿನಲ್ಲಿ ಮನೆಗೇ ಬಂದರು. ಟಗರಿನ ಎರಡೂ ಕಣ್ಣು ನೋಡಿದರು. ಇಂಥ ಚಲೋ ಕಣ್ಣು ತಾಲೂಕಿನಲ್ಲೇ ಇಲ್ಲ, ಔಷಧ ಮತ್ತೆ ಯಾರಿಗೆ ಎಂದು ಕೇಳಿದರು. ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಅಣ್ಣಗ್ರಿ," ಎಂದ.

ಅವರು ಟಗರಿನ ಅಣ್ಣ ಎಂದು ತಿಳಿದರು. ಕುರಿಯ ವಯಸ್ಸು ಹಲ್ಲಿನ ಲೆಕ್ಕ. "ಅದಕ್ಕ ಎಷ್ಟು ಹಲ್ಲಾಗ್ಯಾವ?"

"ಬೀಳಾಕತ್ತಾವ್ರಿ."

"ಹಂಗಾದ್ರ ಯಾಕ ಔಷಧ ಹಾಳು ಮಾಡತೀಯೋ, ಕಟುಕರಿಗೆ ಕೊಟ್ಟು ಬಿಡು."

ತಾನು ಒಂದು ಗಳಿಗೆ ವಿಚಾರ ಮಾಡಿದೆ ಎಂದು ತಮ್ಮ ಇಂದಿಗೂ ಎಲ್ಲರ ಮುಂದೆ ಹೇಳುತ್ತಾನೆ. ಕೊನೆಗೆ ಆ ಡಾಕ್ಟರ್ ಬಾಟ್ಲಿ ಕೊಟ್ಟು, ಬಹಳ ದಿನ ಹಾಕಬೇಡ, ಇದು ಹಗುರ ಔಷಧ ಅಲ್ಲ ಎಂದೂ ಹೇಳಿದರಂತೆ. ತಮ್ಮ ನನಗೆ ಹಲ್ಲಿನ ಮಾತು ಹೇಳಿದ, ಕೊಟ್ಟುಬಿಡುವ ಮಾತು ಹೇಳಿದ, ಎಚ್ಚರಿಕೆಯ ಮಾತು ಹೇಳುವುದರೊಳಗೆ ನಗು ಬಂದು ಮರೆತ.

ಮುಂದಿನ ಪಾಳಿಯಲ್ಲಿ ಒತ್ತಡ ಇನ್ನೂ ಮೇಲೆಯೇ ಇತ್ತು. ಡಾಕ್ಟರಬಾಯಿ ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿದರು. ಹೀಗೇ ಹೋದರೆ ಬಲಗಣ್ಣೂ ಎಡಗಣ್ಣಿನ ದಾರಿ ಹಿಡಿಯುತ್ತದೆ, ಆಪರೇಶನ್ ಮಾಡಬೇಕಾದೀತು, ಅದರಲ್ಲೂ ಅಪಾಯ ಇದ್ದೇ ಇರುತ್ತದೆ ಎಂದರು. ಬಲಗಣ್ಣು ಹೋದರೆ ಸಂತೆ ಹೋಯಿತು. ಸಂತೆ ಹೋದರೆ ನಾನು ಯಾರು? ಓಣಿಯ ಕಟ್ಟೆಯ ಮೇಲೆ ಕುಂತು ಯಾರ ಹೆಜ್ಜೆ ಎಂದು ಗುರುತು ಹಿಡಿಯುವ ಮುದುಕ.

ದವಾಖಾನೆಯಲ್ಲಿ ನನ್ನ ಹೆಂಡತಿ ಯಾವತ್ತೂ ಮಾತಾಡಿದವಳಲ್ಲ. ಆ ದಿನ ಮಾತಾಡಿದಳು.

"ಬಾಯೀ, ಇವರು ಟಗರಿನ ಔಷಧ ಹಾಕ್ಕೊಳಾಕತ್ತಾರ."

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಯಾರ ಔಷಧ?"

"ಟಗರಿಂದು. ಬೀರೋಬಾಂದು ಐತಲ್ಲ, ಅದರದು."

ಎಲೆಅಡಿಕೆಯ ಸಂಚಿಯಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. ಆ ದಿನ ನಾನು ಹುಡುಕಿ ಸಿಗದಿದ್ದ ಜಾಗ ಅದು. ಡಾಕ್ಟರಬಾಯಿ ಬಾಟ್ಲಿಯ ಮೇಲಿನ ಸಣ್ಣ ಅಕ್ಷರ ಓದಿದರು. ಅವರ ಮುಖದ ಮೇಲೆ ಸಿಟ್ಟು ಬಂತು, ನಗು ಬಂತು, ಯಾವುದೂ ಪೂರ್ತಿ ಬರಲಿಲ್ಲ. ಮೂರು ಭಾಷೆಗಳೂ ಕೂಡಿ ಬಂದವು. ಅವು ಇಳಿದ ಮೇಲೆ ನಾನು ನನ್ನ ವಾದ ಮಂಡಿಸಿದೆ: ಬಾವಿದೆ ಎಂದವರು ನೀವು, ಇದು ಬಾವಿನ ಔಷಧ, ತಪ್ಪು ಎಲ್ಲಿದೆ ತೋರಿಸಿರಿ. ಕಾಯುವ ನಾಯಿ, ಕೊರಡು, ತೋಳ, ಎಲ್ಲ ಹೇಳಿದೆ. ಅವರು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದರು.

ವಿಚಾರ ತಪ್ಪಲ್ಲ, ಜಾಗ ತಪ್ಪು ಎಂದರು. ಈ ಹನಿ ಕಣ್ಣಿನ ಮುಂಬಾಗಿಲಿನ ಬಾವು ಇಳಿಸುತ್ತದೆ. ನನ್ನ ಜಗಳ ನಡೆದಿರುವುದು ಹಿತ್ತಲಲ್ಲಿ, ಅಲ್ಲಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಮೇಲಾಗಿ ಕೆಲವರಲ್ಲಿ ಇದೇ ಹನಿ ಆ ಸಣ್ಣ ಮೋರಿಯನ್ನು ಬಿಗಿಮಾಡಿಬಿಡುತ್ತದೆ, ಕಾಚಬಿಂದು ಇದ್ದವರಲ್ಲಿ ಇನ್ನೂ ಹೆಚ್ಚು. ಕಣ್ಣು ನೋವಾಗುವುದಿಲ್ಲ, ಕೆಂಪಾಗುವುದಿಲ್ಲ, ಮದುಮಗನ ಹಾಗೆ ಹೊಳೆಯುತ್ತದೆ, ಒಳಗೆ ಒತ್ತಡ ಏರುತ್ತ ಹೋಗುತ್ತದೆ. ನಾಯಿಯ ಮಾತಿಗೂ ಉತ್ತರ ಕೊಟ್ಟರು.

"ನಾಯಿ ಎಲ್ಲಾ ಹೊಡೆದು ಹಾಕಿದ್ರ ತೋಳ ಬರತೈತಿ ಕಾಕಾ. ಅವು ಇರಬೇಕು, ಮರಿಗೆ ಬಾಯಿ ಹಾಕಬಾರದು. ಅಷ್ಟ ಕಲಿಸೋ ಔಷಧ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಸಿಕ್ಕ ದಿನ ನಾನ ಫೋನ್ ಮಾಡತೀನಿ. ಅಲ್ಲಿತನಕ ನನ್ನ ಕೇಳದ ಕಣ್ಣಾಗ ನೀರು ಸುದ್ದಾ ಹಾಕ್ಕೋಬ್ಯಾಡ್ರಿ."

ಟಗರಿನ ಹನಿ ನಿಂತಿತು. ನಾನು ಒಂದೇ ಪ್ರಶ್ನೆ ಕೇಳಿಬಂದಿದ್ದೆ: ಟಗರಿನ ಕಣ್ಣಿನಲ್ಲೂ ಒತ್ತಡ ಏರಿರಬಹುದೇ? ಮನುಷ್ಯರದು ಮಾತ್ರ ನನಗೆ ಗೊತ್ತು ಎಂದಿದ್ದರು. ಇದನ್ನು ಫೋನಿನಲ್ಲಿ ತಮ್ಮನಿಗೆ ಹೇಳಿದ್ದು ತಪ್ಪಾಯಿತು.

ಕೆಲವು ವಾರಗಳ ನಂತರ ಹೋದಾಗ ಒತ್ತಡ ಇಳಿದಿತ್ತು, ಆದರೆ ಮೊದಲಿನಷ್ಟಲ್ಲ. ನಡುವಿನ ದಿನಗಳಲ್ಲಿ ಬಲಗಣ್ಣಿನ ದೃಷ್ಟಿ ಎಷ್ಟು ಹೋಗಿದೆ ಎಂದು ತಿಳಿಯಬೇಕು, ಅದರ ಮೇಲೆ ಆಪರೇಶನ್ ಬೇಕೋ ಬೇಡವೋ ಎಂಬ ನಿರ್ಣಯ ಎಂದರು. ಅದಕ್ಕೊಂದು ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಬಿಳಿ ಬೋಗುಣಿಯಂಥ ಮಶೀನಿನಲ್ಲಿ ಮುಖ ಇಡಬೇಕು. ಒಂದು ಕಣ್ಣು ಮುಚ್ಚುತ್ತಾರೆ. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಆಚೆ ಈಚೆ ಎಲ್ಲಿಯಾದರೂ ಬೆಳಕಿನ ಹನಿ ಮಿನುಗಿದರೆ ಕೈಯಲ್ಲಿಯ ಗುಂಡಿ ಒತ್ತಬೇಕು.

ನಾನು ಜೀವನದಲ್ಲಿ ಯಾವ ಪರೀಕ್ಷೆಗೂ ಕುಂತವನಲ್ಲ. ಪರೀಕ್ಷೆ ಬರುವುದರೊಳಗೆ ಸಾಲಿ ಬಿಟ್ಟಿದ್ದೆ. ಹಾಗಾಗಿ ಈ ಒಂದರಲ್ಲಿ ಪಹಿಲಾ ನಂಬರ ಬರಬೇಕೆಂದು ನಿಶ್ಚಯ ಮಾಡಿದೆ. ಮೊದಲ ಕೆಲವು ಮಿನುಗಿನಲ್ಲೇ ಮಶೀನಿನ ತಾಳ ಹಿಡಿದುಕೊಂಡೆ. ಒಂದು ಮಿನುಗು, ಒಂದು ಉಸಿರು, ಒಂದು ಮಿನುಗು. ಕಂಡರೂ ಒತ್ತಿದೆ, ಕಾಣದಿದ್ದರೂ ತಾಳಕ್ಕೆ ಒತ್ತಿದೆ. ಹಲಗಿ ಬಾರಿಸಿದ ಕೈ ನನ್ನದು, ತಪ್ಪುವುದಿಲ್ಲ.

ಆಗಲೇ ಹೊರಗಿನಿಂದ ಟಗರು ಒದರಿತು. ನಾನು ಗುಂಡಿ ಒತ್ತಿದೆ.

ಯಾವುದೋ ಟಗರು ಇರಬೇಕು ಎಂದುಕೊಳ್ಳುವ ಹಾಗಿರಲಿಲ್ಲ. ಕುರಿಯ ದನಿ ನನಗೆ ಮನುಷ್ಯರ ದನಿಗಿಂತ ಹೆಚ್ಚು ಗುರುತು. ಅದು ನಮ್ಮದೇ. ತಮ್ಮ ಟೆಂಪೋ ಮಾಡಿಕೊಂಡು ಚಪಳಗಾಂವದಿಂದ ದೇವರ ಟಗರನ್ನು ಕಣ್ಣಿನ ಒತ್ತಡ ನೋಡಿಸಲು ತಂದಿದ್ದ. ಗೇಟಿನಲ್ಲಿ ವಾಚಮನ್ ತಡೆದಿದ್ದ. ಇದು ಮನುಷ್ಯರ ದವಾಖಾನೆ ಎಂದು ಅವನು ಮರಾಠಿಯಲ್ಲಿ ಹೇಳುತ್ತಿದ್ದ. ಔಷಧ ಒಂದೇ ಆದ ಮೇಲೆ ದವಾಖಾನೆ ಯಾಕೆ ಬೇರೆ ಎಂದು ತಮ್ಮ ಕನ್ನಡದಲ್ಲಿ ಕೇಳುತ್ತಿದ್ದ. ಟಗರು ಎರಡೂ ಕಡೆಗೆ ಒದರುತ್ತಿತ್ತು. ಅದು ಒದರಿದಾಗಲೆಲ್ಲ ನನ್ನ ಹೆಬ್ಬೆರಳು ತಾನೇ ಒತ್ತುತ್ತಿತ್ತು.

ಮಶೀನು ನಡೆಸುವ ಹೆಣ್ಣುಮಗಳು ಕಾಗದ ತೆಗೆದು ನೋಡಿ ಡಾಕ್ಟರಬಾಯಿಯನ್ನು ಕರೆದಳು. ಪಹಿಲಾ ನಂಬರ ಬಂದೆನೇನು ಎಂದು ಕೇಳಿದೆ. ಮಶೀನು ನಡುನಡುವೆ ಬೇಕಂತಲೇ ಬೆಳಕು ಹಾಕುವುದಿಲ್ಲವಂತೆ, ಆಗಲೂ ನಾನು ಒತ್ತಿದ್ದೆನಂತೆ. ಡಾಕ್ಟರಬಾಯಿ ಸ್ಟೂಲು ಎಳೆದುಕೊಂಡು ನನ್ನ ಮುಂದೆ ಕುಂತರು. ಈ ಸಲ ಒಂದೇ ಭಾಷೆಯಲ್ಲಿ ಮಾತಾಡಿದರು.

"ಕಾ‌ಕಾ, ನೀವು ಸುಳ್ಳ ಒತ್ತಿದ್ರ ನಿಮ್ಮ ಕಣ್ಣು ಚಲೋ ಐತಿ ಅಂತ ನಾ ನಂಬತೀನಿ. ನಂಬಿ ಸುಮ್ಮನ ಕೂಡತೀನಿ. ಆ ಬಲಗಣ್ಣು ನನ್ನ ಕಣ್ಣ ಮುಂದ ಹೋಗತೈತಿ. ನಿಮಗ ಕಾಣದ್ದು ನನಗ ಗೊತ್ತಾಗಬೇಕು. ಕಂಡಿದ್ದಲ್ಲ."

ಅವರು ಎದ್ದು ಹೋದರು. ಮತ್ತೆ ಗಲ್ಲ ಇಟ್ಟೆ.

ನಾನು ಹೊಲದಲ್ಲಿ ದುಡಿದಿದ್ದೇನೆ, ಭಾರ ಹೊತ್ತಿದ್ದೇನೆ, ಮಳೆಯಲ್ಲಿ ಹಿಂಡು ಕಾದಿದ್ದೇನೆ. ಆ ಕುರ್ಚಿಯ ಮೇಲೆ ಸುಮ್ಮನೆ ಕೂಡುವಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಮಶೀನು ಗುಯ್ ಅನ್ನುತ್ತಿತ್ತು. ಎಲ್ಲೋ ಒಂದು ಬೆಳಕು ಬಂದುಹೋಗಿರಬೇಕು ಎಂದು ತಾಳ ಹೇಳುತ್ತಿತ್ತು. ಕಣ್ಣು ಹೇಳುತ್ತಿರಲಿಲ್ಲ. ಹೆಬ್ಬೆರಳನ್ನು ಗುಂಡಿಯಿಂದ ಸ್ವಲ್ಪ ಎತ್ತಿ ಹಿಡಿದೆ. ಬಲಗಣ್ಣಿನ ಸರದಿಯಲ್ಲಿ ಬೆಳಕುಗಳು ಬಂದವು, ಒತ್ತಿದೆ. ಮೂಗಿನ ಕಡೆಗೆ ಸ್ವಲ್ಪ ಹೊತ್ತು ಏನೂ ಇರಲಿಲ್ಲ, ಒತ್ತಲಿಲ್ಲ. ಎಡಗಣ್ಣಿನ ಸರದಿಯಲ್ಲಿ ಬರೀ ಬೂದಿ ಬಣ್ಣದ ಬೋಗುಣಿ. ಕಾದೆ. ಬೂದಿ. ಕಾದೆ. ಹೊರಗೆ ಟಗರು ಒದರಿತು. ಒತ್ತಲಿಲ್ಲ. ಕಣ್ಣಿನಿಂದ ನೀರು ಬಂದು ಗಲ್ಲ ಇಟ್ಟ ಜಾಗ ತೋಯ್ದಿತು. ಆ ಹೆಣ್ಣುಮಗಳು ಮಶೀನು ನಿಲ್ಲಿಸಿ ಒರೆಸಿ, ನಡೀರಿ ಕಾಕಾ, ಮತ್ತೆ ಶುರು ಮಾಡೋಣ ಎಂದಳು.

ಡಾಕ್ಟರಬಾಯಿ ಎರಡು ನಕಾಶೆ ಬೆಳಕಿಗೆ ಹಿಡಿದು ತೋರಿಸಿದರು. ಎಡಗಣ್ಣಿನದು ಮಸಿ ಬಳಿದಂತಿತ್ತು, ಮೂಲೆಯಲ್ಲಿ ಒಂದು ಸಣ್ಣ ಕಿಟಕಿ ಉಳಿದಿತ್ತು. ಬಲಗಣ್ಣಿನದು ಬೆಳ್ಳಗಿತ್ತು, ಮೂಗಿನ ಕಡೆಗೆ ಮಾತ್ರ ಒಂದು ಕರಿ ಉಗುರು. ಇದರಲ್ಲಿ ಟಗರಿನ ಔಷಧದ ಪಾಲೆಷ್ಟು, ಉರಿಯೂತದ ಪಾಲೆಷ್ಟು ಎಂದು ಕೇಳಿದೆ. ಹಾಗೆ ಬೇರೆ ಮಾಡಿ ಹೇಳಲು ಯಾರಿಗೂ ಬರುವುದಿಲ್ಲ ಎಂದರು. ಬಲಗಣ್ಣು ನಿಂತಿದೆ. ಸದ್ಯ ಆಪರೇಶನ್ ಬೇಡ. ಎರಡು ಹನಿ, ತಪ್ಪದೆ ಪಾಳಿ, ಮತ್ತೆ ಮತ್ತೆ ಇದೇ ಪರೀಕ್ಷೆ. ಎಡಗಡೆ ನೋಡಬೇಕಾದರೆ ಕತ್ತು ಪೂರ್ತಿ ತಿರುಗಿಸಬೇಕು, ರಸ್ತೆ ದಾಟುವಾಗ ಅಂತೂ ಮರೆಯಬಾರದು.

ಹೊರಗೆ ಬಂದರೆ ತಮ್ಮನೂ ವಾಚಮನ್ನನೂ ಟೆಂಪೋದ ನೆರಳಲ್ಲಿ ಕುಂತು ಒಂದೇ ಸಂಚಿಯ ಎಲೆ ತಿನ್ನುತ್ತಿದ್ದರು. ದನದ ಡಾಕ್ಟರಿಗೆ ತೋರಿಸು ಎಂದು ಹೇಳಿ ಅವನನ್ನು ಊರಿಗೆ ಕಳಿಸಿ, ನಾನೂ ಹೆಂಡತಿಯೂ ವಿಜಾಪುರ ರಸ್ತೆಯ ಬದಿಗೆ ನಡೆದು ಹೊರಟೆವು. ಮದುವೆಯಾದಾಗಿನಿಂದ ಹೆಂಡತಿ ನನ್ನ ಹಿಂದೆ ಎರಡು ಮಾರು ಬಿಟ್ಟು ನಡೆದವಳು. ನಮ್ಮಲ್ಲಿ ಹಾಗೆಯೇ. ನಾನು ಎಡಕ್ಕೆ ಹೊರಳುವುದಕ್ಕೂ ಅವಳಿಗೆ ಡಿಕ್ಕಿ ಹೊಡೆಯುವುದಕ್ಕೂ ಸರಿಹೋಯಿತು. ಇವಳು ಇಲ್ಲಿಗೆ ಯಾವಾಗ ಬಂದಳು? ಇನ್ನೂ ನಾಲ್ಕು ಹೆಜ್ಜೆಗೆ ಮತ್ತೆ ಡಿಕ್ಕಿ.

ಜನ ನೋಡುತ್ತಾರೆ, ಜೊತೆಗೆ ನಡೆಯುವುದಿದ್ದರೆ ಬಲಗಡೆ ಬಾ, ಅಲ್ಲಿ ನೀನು ನನಗೆ ಕಾಣುತ್ತೀ ಎಂದೆ.

"ಬಲಕ್ಕ ನಿಮಗ ಕಾಣಸ್ತೈತಲ್ಲ," ಎಂದಳು. "ಅಲ್ಲಿ ನನಗೇನ ಕೆಲಸ?"

ನನ್ನ ಎಡಗೈಯ ಅಂಗಿಯ ತೋಳನ್ನು ಬೆರಳಲ್ಲಿ ಹಿಡಿದುಕೊಂಡಳು. ರಿಕ್ಷಾ ಒಂದು ಎಲ್ಲಿಂದಲೋ ಹಾರ್ನ್ ಹೊಡೆಯುತ್ತ ಬಂತು. ಅವಳು ತೋಳು ಜಗ್ಗಿದಳು, ನಾನು ನಿಂತೆ.